ಹೆತ್ತವರಿಗೆ ಹೆಗ್ಗಣ ಮುದ್ದಂತೆ! ಯಾರ್ರೀ ಹೇಳಿದ್ದು?

1/10

ಫೋಟೋ ನೋಡಿದ್ರಾ? ಸಂಕ್ರಾಂತಿಗೆ ಕಾಲೇಜಲ್ಲಿ ಮಾಡಿದ ಎಥ್ನಿಕ್ ಡೇ. ನಾವು ಆರು ಜನ, ಆರು ಸೀರೆ, ಎಲ್ಲಾ ಅಮ್ಮಂದಿರ ಬೀರುವಿನಿಂದ ಬಂದಿದ್ದು. ಕಾಮೆಂಟಲ್ಲಿ ಎಲ್ಲರೂ ಬೆಂಕಿ, ಹಾರ್ಟು ಅಂತ ಹಾಕಿದ್ದೀರ. ಥ್ಯಾಂಕ್ಸ್. ಆದ್ರೆ ಈ ಫೋಟೋ ತೆಗೆಯೋಕೆ ಮುಂಚೆ ಲೇಡೀಸ್ ರೂಮಲ್ಲಿ ಏನಾಯ್ತು ಅಂತ ನಿಮಗೆ ಗೊತ್ತಿಲ್ಲ. ಅದನ್ನ ಹೇಳೋಕೇ ಈ ಸರಣಿ.

ಒಬ್ಬಳು ಸೆರಗಿಗೆ ಪಿನ್ ಹಾಕಿಸ್ಕೊಳ್ತಾ ಅಂದ್ಳು, "ತೋಳು ಮುಚ್ಚೋ ಹಾಗೆ ಹಾಕೇ. ಒನಕೆ ಥರ ಇದೆ ಅಂತಾಳೆ ನಮ್ಮಮ್ಮ."

ಇನ್ನೊಬ್ಬಳು, "ಹಳದಿ ಉಟ್ರೆ ಇನ್ನೂ ಕಪ್ಪಗೆ ಕಾಣ್ತೀಯ ಅಂತ ಅಮ್ಮ ಹೇಳಿದ್ಳು. ನಾನೇ ಕೇಳ್ಲಿಲ್ಲ."

ಮೂರನೆಯವಳು ತುಂಬಾ ಸಣ್ಣ. "ಎರಡು ಪೆಟಿಕೋಟ್ ಹಾಕಿದ್ದೀನಿ ಕಣ್ರೇ. ಇಲ್ಲಾಂದ್ರೆ ಗಳಕ್ಕೆ ಸೀರೆ ಒಣಹಾಕಿದ ಹಾಗಿರುತ್ತೆ ಅಂತ ಅಮ್ಮಾನೇ ಕೊಟ್ಳು."

ನಾಲ್ಕನೆಯವಳು ಹೊಟ್ಟೆ ಒಳಗೆ ಎಳ್ಕೊಂಡೇ ನಿಂತಿದ್ಳು. ಉಸಿರು ಬಿಡೇ ಅಂದ್ರೆ, "ಫೋಟೋ ಮುಗಿಯೋವರೆಗೂ ಬಿಡ್ಬೇಡ ಅಂತ ಅಮ್ಮನ ಆರ್ಡರ್" ಅಂತ ನಕ್ಳು.

ಐದನೆಯವಳು ಅವತ್ತು ಬೆಳಿಗ್ಗೆ ಮೇಲ್ದುಟಿಗೆ ಥ್ರೆಡ್ಡಿಂಗ್ ಮಾಡಿಸ್ಕೊಂಡು ಬಂದು, ಚರ್ಮ ಕೆಂಪಗಾಗಿ ಉರೀತಿತ್ತು. "ಮೀಸೆ ಇಟ್ಕೊಂಡು ಸೀರೆ ಉಡ್ತೀಯಾ ಅಂದ್ಬಿಟ್ಳು ಅಮ್ಮ."

ಆರನೆಯವಳು ನಾನು. ನನ್ನದು ಮುಂದೆ ಹೇಳ್ತೀನಿ.

ಎಲ್ಲರೂ ಬಿದ್ದೂ ಬಿದ್ದೂ ನಕ್ವಿ. ಆಮೇಲೆ ಬಸ್ಸಲ್ಲಿ ಕೂತಾಗ ನನಗೆ ಹೊಳೀತು. ಆರು ಜನರಲ್ಲಿ ಒಬ್ಬಳೂ "ಆ ಹುಡುಗ ಹೀಗಂದ" ಅನ್ನಲಿಲ್ಲ. "ಆ ಹೀರೋಯಿನ್ ಥರ ಇಲ್ಲ" ಅನ್ನಲಿಲ್ಲ. ಎಲ್ಲರೂ ಹೇಳಿದ್ದು ಒಂದೇ: ಅಮ್ಮ ಅಂದ್ಳು.

(ಐದೂ ಜನರನ್ನ ಕೇಳೇ ಬರೀತಿದ್ದೀನಿ. ಯಾರು ಯಾವ ಸೀರೆ ಅಂತ ಊಹೆ ಮಾಡೋಕೆ ಹೋಗ್ಬೇಡಿ.)

2/10

ನಮ್ಮಲ್ಲಿ ಒಂದು ಗಾದೆ ಇದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಮಗು ಹೇಗೇ ಇರಲಿ, ತಾಯಿ ಕಣ್ಣಿಗೆ ಚೆಂದ ಅಂತ ಅರ್ಥ. ಕೇಳೋಕೆ ಎಷ್ಟು ಚೆನ್ನಾಗಿದೆ!

ನಾನು ಹೇಳ್ತೀನಿ, ಈ ಗಾದೆ ಗಂಡುಮಕ್ಕಳಿಗೆ ಮಾತ್ರ ಮಾಡಿದ್ದು. ನನ್ನ ಚಿಕ್ಕಮ್ಮನ ಮಗನಿಗೆ ಹದಿನೇಳು ವರ್ಷ. ಹೊಟ್ಟೆ ಬಂದಿದೆ, ಮುಖದ ತುಂಬಾ ಮೊಡವೆ, ಬಣ್ಣ ನನಗಿಂತ ಒಂದು ಕೈ ಮೇಲೆ ಕಪ್ಪು. ಅವನಿಗೆ ಯಾರಾದ್ರೂ ಏನಾದ್ರೂ ಅಂದ್ರೆ "ಬೆಳೆಯೋ ಹುಡುಗ, ತಿನ್ಲಿ ಬಿಡಿ" ಅಂತಾರೆ. ಅದೇ ತಟ್ಟೆಗೆ ನಾನು ಇನ್ನೊಂದು ಹೋಳಿಗೆ ಹಾಕ್ಕೊಂಡ್ರೆ ಮನೆಯಲ್ಲಿ ನಾಲ್ಕು ಜನ ನನ್ನ ಕೈ ನೋಡ್ತಾರೆ. ಮೊದಲು ನೋಡೋದು ಅಮ್ಮ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಹೆಗ್ಗಣ ಹೆಗ್ಗಣವೇ. ಅದನ್ನ ತೊಳೆದು, ತಿಕ್ಕಿ, ಅರಿಶಿನ ಹಚ್ಚಿ, ಸಣ್ಣ ಮಾಡಿ, ಅಂಗಳಕ್ಕೆ ತರಬೇಕು.

ನಿಮ್ಮ ಮನೆಯ ಮಾತು ಇದರಲ್ಲಿ ಯಾವುದು ಅಂತ ನೋಡ್ಕೊಳ್ಳಿ:

"ಬಿಸಿಲಿಗೆ ಹೋಗ್ಬೇಡ, ಇರೋ ಬಣ್ಣಾನೂ ಹೋಗುತ್ತೆ."
"ನಿನ್ನ ವಯಸ್ಸಲ್ಲಿ ನನ್ನ ಸೊಂಟ ಇಷ್ಟೇ ಇತ್ತು."
"ಈ ಡ್ರೆಸ್ ನಿನಗಲ್ಲ, ಅದು ಸಣ್ಣ ಇರೋರಿಗೆ."
"ಮುಖದಲ್ಲಿ ಕಳೆ ಇದೆ, ಆದ್ರೆ..."

ಆ "ಆದ್ರೆ" ಆದ್ಮೇಲೆ ಬರೋದನ್ನ ಕೇಳ್ಕೊಂಡೇ ನಾವು ದೊಡ್ಡವರಾಗಿದ್ದೀವಿ. ಇದನ್ನ ಯಾರೂ ಬೈಗುಳ ಅನ್ನಲ್ಲ. ಕಾಳಜಿ ಅಂತಾರೆ. ನನ್ನ ಜಗಳ ಇರೋದೇ ಆ ಪದದ ಜೊತೆ. ಬೀದಿಯಲ್ಲಿ ಹೋಗೋನು "ಏ ಡುಮ್ಮಿ" ಅಂದ್ರೆ ನಾನು ತಿರುಗಿ ಬೈದು ಮನೆಗೆ ಬರ್ತೀನಿ, ಸಂಜೆಗೆ ಮರೀತೀನಿ. ಅಮ್ಮ ಅಂದ್ರೆ ಮರೆಯೋಕಾಗಲ್ಲ. ಯಾಕಂದ್ರೆ ಅಮ್ಮ ಸುಳ್ಳು ಹೇಳಲ್ಲ ಅಂತ ನಾವು ನಂಬಿರ್ತೀವಿ.

3/10

ಫೋಟೋ: ನಮ್ಮ ಮನೆ ಗೃಹಪ್ರವೇಶ. ಅಮ್ಮನ್ನ ಹುಡುಕಿ ನೋಡೋಣ.

ಸಿಗ್ಲಿಲ್ವಾ? ಹಿಂದಿನ ಸಾಲಲ್ಲಿ, ದೊಡ್ಡಮ್ಮನ ಭುಜದ ಹಿಂದೆ, ಯಾರದ್ದೋ ಮಗೂನ ಎತ್ಕೊಂಡಿದ್ದಾಳೆ. ಹೊಟ್ಟೆ ಕಾಣಬಾರದು ಅಂತ ಮಗು. ಮನೆ ಕಟ್ಟೋಕೆ ಚೀಟಿ ಹಾಕಿ ದುಡ್ಡು ಕೂಡಿಟ್ಟೋಳು ಅವಳು, ಕ್ಯೂರಿಂಗ್‌ಗೆ ದಿನಾ ಎರಡು ಹೊತ್ತು ನೀರು ಹೊಡೆದೋಳು ಅವಳು. ಫೋಟೋದಲ್ಲಿ ಮಾತ್ರ ಇಲ್ಲ. ಕರೆದ್ರೆ "ನನ್ನ ಮುಖಕ್ಕೆ ಏನು ಫೋಟೋ" ಅಂತಾಳೆ.

ಈಗ ನನ್ನ ಮುಖ ನೋಡಿ. ನೆಂಟರೆಲ್ಲಾ ಹೇಳೋದು ಒಂದೇ ಮಾತು: "ಅಚ್ಚು ಅವರಮ್ಮನೇ." ಅದೇ ಮೂಗು, ಅದೇ ಗಲ್ಲ, ಅದೇ ಬಣ್ಣ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಹಾಗಾದ್ರೆ "ನನ್ನ ಮುಖಕ್ಕೆ ಏನು ಫೋಟೋ" ಅಂದಾಗ ಅಮ್ಮ ಯಾರ ಮುಖದ ಬಗ್ಗೆ ಹೇಳಿದ್ಳು?

ಅಮ್ಮ ನನ್ನ ಬೈದಿದ್ದಕ್ಕಿಂತ ತನ್ನನ್ನ ತಾನು ಬೈಕೊಂಡಿದ್ದು ನನಗೆ ಜಾಸ್ತಿ ತಗುಲಿದೆ. ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆ ತಳ ಕೆರೆದು ತಿಂದು, "ನಾನು ಗಾಳಿ ಕುಡಿದ್ರೂ ಊದ್ಕೋತೀನಿ" ಅಂತ ನಗ್ತಾಳೆ. ಟೈಲರ್ ಅಂಗಡಿಯಲ್ಲಿ ಬ್ಲೌಸ್ ಅಳತೆ ಕೊಡುವಾಗ ಟೇಪ್ ಮೇಲಿನ ನಂಬರ್ ಜೋರಾಗಿ ಓದಬೇಡಿ ಅಂತ ಕೈ ಸನ್ನೆ ಮಾಡ್ತಾಳೆ. ನಾನು ಏಳು ವರ್ಷದವಳಿದ್ದಾಗಿನಿಂದ ಆ ಅಂಗಡಿ ಸ್ಟೂಲ್ ಮೇಲೆ ಕೂತು ಇದನ್ನ ನೋಡ್ತಿದ್ದೀನಿ. ನಂಬರ್ ಅಂದ್ರೆ ಮುಚ್ಚಿಡೋದು ಅಂತ ಯಾರೂ ಹೇಳಿಕೊಡದೇ ಕಲಿತೆ.

ಅದಕ್ಕೇ "ನಾನು ನನ್ನ ಮಗಳಿಗೆ ಒಂದು ದಿನಾನೂ ಏನೂ ಅಂದಿಲ್ಲ" ಅನ್ನೋ ಅಮ್ಮಂದಿರಿಗೂ ನನ್ನ ಪ್ರಶ್ನೆ ಇದೆ. ನಿಮಗೆ ನೀವೇ ಏನಂದ್ಕೋತೀರ ಆಂಟಿ? ಅವಳು ಪಕ್ಕದಲ್ಲೇ ಇರ್ತಾಳೆ.

4/10

ಬಿ.ಕಾಂ ಸೇರಿದ ಮೊದಲ ತಿಂಗಳೇ ಹೇಳಿಕೊಡ್ತಾರೆ, ಹೋದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಈ ವರ್ಷದ ಓಪನಿಂಗ್ ಬ್ಯಾಲೆನ್ಸ್. ನಮ್ಮ ಮನೆ ಹೆಂಗಸರ ಲೆಕ್ಕಾನೂ ಹಾಗೇ ನಡ್ಕೊಂಡು ಬಂದಿದೆ.

ಅಮ್ಮನಿಗೆ ಗಂಡು ನೋಡ್ತಿದ್ದಾಗ ಮೂರು ಕಡೆಯವರು ಬಂದು ಉಪ್ಪಿಟ್ಟು, ಕೇಸರಿಬಾತು ತಿಂದು ಹೋದ್ರು. "ಹುಡುಗಿ ಒಳ್ಳೆಯವಳು, ಬಣ್ಣ ಸ್ವಲ್ಪ ಕಮ್ಮಿ" ಅಂತ ಹೇಳಿ ಕಳಿಸಿದ್ರು. ನಾಲ್ಕನೆಯವರು ಒಪ್ಪಿದ್ರು, ಆದ್ರೆ ಮಾತಾಗಿದ್ದಕ್ಕಿಂತ 20 ಗ್ರಾಂ ಬಂಗಾರ ಜಾಸ್ತಿ ಕೇಳಿದ್ರು. ಅಜ್ಜ ತೆಂಗಿನ ತೋಟದ ಅಂಚಿನ ಹತ್ತು ಗುಂಟೆ ಮಾರಿ ಕೊಟ್ರು. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ. ಇದು ನಡೆದಿದ್ದು ಅದಾಗಿ ನಲವತ್ತು ವರ್ಷ ಕಳೆದ ಮೇಲೆ.

ಹೌದು, ಆ ನಾಲ್ಕನೆಯವರು ನಮ್ಮಪ್ಪನ ಮನೆಯವರೇ. ಇದನ್ನ ಬರೆಯೋಕೆ ನನಗೆ ಎರಡು ದಿನ ಬೇಕಾಯ್ತು.

ಅಮ್ಮನಿಗೆ ತನ್ನ ಚರ್ಮದ ರೇಟ್ ಎಷ್ಟು ಅಂತ ಗ್ರಾಂ ಲೆಕ್ಕದಲ್ಲಿ ಗೊತ್ತು. ಆ ಹತ್ತು ಗುಂಟೆಯಲ್ಲಿ ಈಗ ಬೇರೆಯವರ ಮನೆ ಇದೆ, ಅಜ್ಜಿ ಊರಿಗೆ ಹೋದಾಗಲೆಲ್ಲಾ ಅದರ ಮುಂದೇನೇ ಹೋಗ್ಬೇಕು. ಅಂಥವಳು ಮಗಳಿಗೆ "ಬಿಸಿಲಿಗೆ ಹೋಗ್ಬೇಡ" ಅಂದ್ರೆ ಅದು ಕೆಟ್ಟತನ ಅಲ್ಲ. ಭಯ. ನಾನು ಒಪ್ತೀನಿ.

ಆ ಭಯದಿಂದ ದುಡ್ಡು ಮಾಡಿದವರೂ ಇದ್ದಾರೆ. ಫೇರ್ ಅಂಡ್ ಲವ್ಲಿ ಮಾರ್ಕೆಟ್‌ಗೆ ಬಂದಿದ್ದು 1975ರಲ್ಲಿ, ನಮ್ಮಮ್ಮ ಹುಟ್ಟೋಕೂ ಮುಂಚೆ. ಬಣ್ಣ ಕಮ್ಮಿ ಇರೋರನ್ನ ಕೀಳಾಗಿ ತೋರಿಸೋ ಜಾಹೀರಾತು ಮಾಡಬಾರದು ಅಂತ ಜಾಹೀರಾತು ಮಾನದಂಡ ಮಂಡಳಿ ನಿಯಮ ಮಾಡಿದ್ದು 2014ರಲ್ಲಿ. ಹೆಸರಿನಿಂದ "ಫೇರ್" ತೆಗೆದು "ಗ್ಲೋ" ಹಾಕಿದ್ದು 2020ರಲ್ಲಿ. ಅಂದ್ರೆ 45 ವರ್ಷ, ಎರಡು ತಲೆಮಾರು. ಟ್ಯೂಬ್ ಮೇಲಿನ ಹೆಸರು ಬದಲಾಯ್ತು. ನಮ್ಮ ಮನೆ ಮಾತು ಬದಲಾಗ್ಲಿಲ್ಲ.

ಆದ್ರೆ ಕೇಳಿ. ಭಯ ನಿಜ ಅಂದ ಮಾತ್ರಕ್ಕೆ ಅದನ್ನ ಮಗಳ ಅಕೌಂಟಿಗೆ ಹಾಕೋದು ಸರಿ ಆಗಲ್ಲ. ಸಾಲ ಮಾಡಿಸಿದ್ದು ಊರು. ತೀರಿಸ್ತಿರೋದು ಯಾರು?

5/10

ಈಗ ನನ್ನ ವಾಕ್ಯ. ಲೇಡೀಸ್ ರೂಮಲ್ಲಿ ನಾನು ಹೇಳಿದ್ದು ಇದು: "ನನಗೆ ಫೌಂಡೇಶನ್ ದಪ್ಪ ಹಾಕೇ, ಕೆನ್ನೆ ಕಾಣ್ಬಾರ್ದು."

ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಪಕ್ಕದ ಮನೆಯವರು ಒಂದು ಕ್ರೀಮ್ ಹೇಳಿದ್ರು. ಅಮ್ಮ ತಂದ್ಳು. ಮೆಡಿಕಲ್ ಸ್ಟೋರಲ್ಲಿ ಚೀಟಿ ಗೀಟಿ ಏನೂ ಕೇಳದೆ ಕೊಟ್ರು. ಮೂರೇ ವಾರಕ್ಕೆ ಮುಖ ಹೊಳೆಯೋಕೆ ಶುರುವಾಯ್ತು. ಅಮ್ಮ ಎಷ್ಟು ಖುಷಿಪಟ್ಳು ಅಂದ್ರೆ, ಅವಳ ಜೀವನದಲ್ಲಿ ಮೊದಲ ಸಲ ನನ್ನ ಫೋಟೋನ ಸ್ಟೇಟಸ್‌ಗೆ ಹಾಕಿದ್ಳು.

ಕಾಲೇಜು ಶುರುವಾದ ಗಡಿಬಿಡಿಯಲ್ಲಿ ಹಚ್ಚೋದು ಬಿಟ್ಟೆ. ಒಂದು ವಾರ ಆಗಿರ್ಲಿಲ್ಲ, ಕೆನ್ನೆ ಕೆಂಪಾಗಿ ಉರಿ. ನೀರು ತಾಗಿಸೋಕೂ ಆಗ್ತಿರ್ಲಿಲ್ಲ. ಆಮೇಲೆ ಮೊಡವೆ, ಆಮೇಲೆ ಕೆನ್ನೆ ಮೇಲೆ ಸಣ್ಣ ಸಣ್ಣ ಕೂದಲು. ಚರ್ಮದ ಡಾಕ್ಟರ್ ಟ್ಯೂಬ್ ತಿರುಗಿಸಿ ನೋಡಿ, "ಇದು ಫೇರ್‌ನೆಸ್ ಕ್ರೀಮ್ ಅಲ್ಲ, ಸ್ಟೀರಾಯ್ಡ್" ಅಂದ್ರು. ಕೆಲವು ಚರ್ಮದ ಕಾಯಿಲೆಗಳಿಗೆ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಹಚ್ಚೋ ಔಷಧಿ. ದಿನಾ ಮುಖಕ್ಕೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಬಿಟ್ರೆ ಉರಿಯುತ್ತೆ, ಉರಿ ತಡೀದೆ ಮತ್ತೆ ಹಚ್ತಾರೆ. ಹೀಗೇ ಸಿಕ್ಕಿಹಾಕ್ಕೊಳ್ಳೋದು.

ಎಲ್ಲರೂ ಇವತ್ತೇ ಮನೆಗೆ ಹೋಗಿ ಟ್ಯೂಬ್ ತಿರುಗಿಸಿ ನೋಡಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ರೆ ಅದು ಸ್ಟೀರಾಯ್ಡ್. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ, ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಈಗಾಗಲೇ ಹಚ್ತಿದ್ರೆ ನೀವೇ ದಿಢೀರಂತ ಬಿಡಬೇಡಿ, ಚರ್ಮದ ಡಾಕ್ಟರ್ ಹತ್ರ ಹೋಗಿ.

ಅವತ್ತು ಬಸ್‌ಸ್ಟ್ಯಾಂಡಲ್ಲಿ ಅಮ್ಮ ಅತ್ಳು. ನಿಜವಾಗ್ಲೂ ಅತ್ಳು. ಒಂದು ತಿಂಗಳಾದ ಮೇಲೆ ಕಡ್ಲೆಹಿಟ್ಟು, ಮೊಸರು ಕಲಸಿಕೊಂಡು ಬಂದು, "ಇದರಲ್ಲಿ ಕೆಮಿಕಲ್ ಇಲ್ಲ ಕಣೇ" ಅಂದ್ಳು.

ಕ್ರೀಮ್ ತಪ್ಪು ಅಂತ ಅವಳಿಗೆ ಗೊತ್ತಾಗಿತ್ತು. ಮುಖದ ಬಣ್ಣ ಬದಲಾಯಿಸಲೇಬೇಕು ಅನ್ನೋದು ತಪ್ಪು ಅಂತ ಗೊತ್ತಾಗಿರ್ಲಿಲ್ಲ.

6/10

ಇಷ್ಟೇ ಆಗಿದ್ರೆ ನಾನು ಬರೀತಾನೇ ಇರ್ಲಿಲ್ಲ. ನನಗೆ ಒಬ್ಬಳು ತಂಗಿ ಇದ್ದಾಳೆ. ಒಂಬತ್ತನೇ ಕ್ಲಾಸು. (ಅವಳಿಗೆ ಓದಿ ಹೇಳಿ, ಅವಳು ಹ್ಞೂಂ ಅಂದ ಮೇಲೇ ಇದನ್ನ ಹಾಕ್ತಿರೋದು.)

ಹೋದ ಬೇಸಿಗೆಯಲ್ಲಿ ಅವಳು ಸ್ವಲ್ಪ ದಪ್ಪ ಆದ್ಳು. ದೊಡ್ಡವಳಾದ ವಯಸ್ಸು, ಆಗ್ತಾರೆ. ಜೂನ್‌ನಲ್ಲಿ ಹೊಸ ಯೂನಿಫಾರ್ಮ್ ಹೊಲಿಸಬೇಕಾಯ್ತು. ಅಮ್ಮ ಟೈಲರ್ ಮುಂದೆ, "ವರ್ಷಕ್ಕೆರಡು ಸಲ ಹೊಲಿಸೋಕೆ ನಿಮ್ಮಪ್ಪ ಬಟ್ಟೆ ಮಿಲ್ ಇಟ್ಟಿಲ್ಲ" ಅಂದ್ಳು. ತಮಾಷೆಗೆ.

ಅದಾದ ಮೇಲೆ ಅವಳು ಡಬ್ಬಿಯಲ್ಲಿದ್ದ ಚಪಾತಿ, ಚಿತ್ರಾನ್ನ ಎಲ್ಲಾ ಸ್ಕೂಲ್ ಗೇಟ್ ಹತ್ರ ನಾಯಿಗೆ ಹಾಕ್ತಿದ್ಳಂತೆ. ರಾತ್ರಿ ಮುದ್ದೆ ಬೇಡ, ಹೊಟ್ಟೆನೋವು ಅಂತಿದ್ಳು. ಗೌರಿ ಹಬ್ಬದ ಹೊತ್ತಿಗೆ ಇಳಿದುಹೋಗಿದ್ಳು. ಬಾಗಿನಕ್ಕೆ ಬಂದವರೆಲ್ಲಾ ಹೊಗಳಿದ್ದೇ ಹೊಗಳಿದ್ದು. "ಎಷ್ಟು ಚೆನ್ನಾಗಿ ಸಣ್ಣ ಆಗಿದ್ದಾಳೆ! ಬಣ್ಣಾನೂ ತಿಳಿಯಾಗಿದೆ!" ಅಮ್ಮನ ಮುಖ ಅರಳಿತ್ತು. ನಾನೂ ಅಲ್ಲೇ ನಿಂತು ನಗ್ತಿದ್ದೆ.

ಹಬ್ಬ ಆಗಿ ಎಂಟು ದಿನಕ್ಕೆ ಸ್ಕೂಲಲ್ಲಿ ಪ್ರೇಯರ್ ಹೊತ್ತಿಗೆ ಬಿದ್ದುಬಿಟ್ಳು. ಗಲ್ಲಕ್ಕೆ ಮೂರು ಹೊಲಿಗೆ. ರಕ್ತ ಟೆಸ್ಟ್ ಮಾಡಿದ್ರೆ ಹಿಮೋಗ್ಲೋಬಿನ್ 8.4. ಅವಳ ವಯಸ್ಸಿಗೆ 12 ಆದ್ರೂ ಇರ್ಬೇಕು. ಡಾಕ್ಟರ್ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದ್ರು, ಒಳಗೆ ಸುಣ್ಣದ ಗೋಡೆ ಥರ ಬೆಳ್ಳಗಿತ್ತು.

ಅರ್ಥ ಆಯ್ತಾ? ಎಲ್ಲರೂ ಬಣ್ಣ ತಿಳಿಯಾಗಿದೆ ಅಂದ್ರಲ್ಲ, ಅದು ರಕ್ತ ಇಲ್ಲದೆ ಬಿಳಿಚಿಕೊಂಡಿದ್ದು. ಅವಳ ಕಾಯಿಲೆಗೆ ನಾವು ಆರತಿ ಎತ್ತಿದ್ವಿ.

ಅಮ್ಮನ ಮಾತಿನಿಂದಲೇ ಹೀಗಾಯ್ತು ಅಂತ ಡಾಕ್ಟರ್ ಹೇಳಿಲ್ಲ, ನಾನೂ ಹೇಳಲ್ಲ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗೋದು, ಜಂತುಹುಳು, ಊಟದಲ್ಲಿ ಕಬ್ಬಿಣದ ಅಂಶ ಕಮ್ಮಿ, ಕಾರಣ ಹತ್ತಿರುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಜನರಿಗೆ ರಕ್ತಹೀನತೆ ಇದೆ. ನೂರಕ್ಕೆ ಐವತ್ತೊಂಬತ್ತು! ಇಂಥ ದೇಶದಲ್ಲಿ ಹುಡುಗಿ ತಟ್ಟೆಯಿಂದ ಒಂದು ತುತ್ತು ಕಮ್ಮಿ ಮಾಡಿಸೋ ಯಾವ ಮಾತೂ ತಮಾಷೆ ಅಲ್ಲ.

7/10

ಈಗ ಬರುತ್ತೆ ನೋಡಿ ಉತ್ತರ: "ನಾವು ಹೇಳೋದು ಆರೋಗ್ಯಕ್ಕೆ. ಪಿಸಿಓಡಿ ಬರುತ್ತೆ, ಥೈರಾಯ್ಡ್ ಬರುತ್ತೆ, ನಾಳೆ ಶುಗರ್ ಬರುತ್ತೆ."

ಸರಿ, ಆರೋಗ್ಯದ ವಿಷಯ ಮಾತಾಡೋಣ. ಆರೋಗ್ಯದ ಚಿಂತೆ ಇರೋರು ಏನು ಕೇಳ್ತಾರೆ? ರಾತ್ರಿ ನಿದ್ದೆ ಬರುತ್ತಾ? ತಿಂಗಳು ತಿಂಗಳು ಸರಿಯಾಗಿ ಆಗ್ತಿದ್ಯಾ? ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ? ಈ ಮೂರು ಪ್ರಶ್ನೆ ನಿಮ್ಮ ಅಮ್ಮ ಕೊನೇ ಸಲ ಯಾವಾಗ ಕೇಳಿದ್ಲು? "ದಪ್ಪ ಆಗಿದ್ದೀಯ" ಅಂತ ಕೊನೇ ಸಲ ಯಾವಾಗ ಅಂದ್ಲು? ಎರಡೂ ತಾರೀಖು ಪಕ್ಕಪಕ್ಕ ಬರೀರಿ.

ಇನ್ನೊಂದು. ಆರೋಗ್ಯದ ಮಾತನ್ನ ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಯಾಕೆ ಆಡ್ತಾರೆ? ಸಣ್ಣ ಇರೋಳಿಗೆ ಯಾರೂ ಯಾಕೆ ರಕ್ತ ಟೆಸ್ಟ್ ಮಾಡಿಸು ಅನ್ನಲ್ಲ? ಆರೋಗ್ಯಕ್ಕೇ ಆಗಿದ್ರೆ ನನ್ನ ತಂಗಿ 8.4ಕ್ಕೆ ಇಳಿಯೋವರೆಗೂ ಎಲ್ಲರೂ ಚಪ್ಪಾಳೆ ಯಾಕೆ ತಟ್ಟಿದ್ರು? ಮತ್ತೆ ಬಣ್ಣ? ಕಪ್ಪಗಿರೋದು ಯಾವ ಕಾಯಿಲೆ?

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇದರ ಬಗ್ಗೆ ಒಂದು ಸಮೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ. ಅಪ್ಪ-ಅಮ್ಮ ಮಕ್ಕಳ ತೂಕದ ಬಗ್ಗೆ ಮಾತಾಡೋ ಮನೆಗಳಲ್ಲಿ ಮಕ್ಕಳು ಊಟ ಬಿಡೋದು, ಅಡ್ಡದಾರಿ ಡಯಟ್ ಮಾಡೋದು ಜಾಸ್ತಿ ಇತ್ತು. ತೂಕದ ಮಾತೇ ಎತ್ತದೆ, ಏನು ತಿಂದ್ರೆ ಒಳ್ಳೇದು ಅಂತ ಮಾತ್ರ ಮಾತಾಡೋ ಮನೆಗಳಲ್ಲಿ ಅದು ಕಮ್ಮಿ ಇತ್ತು. ಇದು ಸಮೀಕ್ಷೆ ಅಷ್ಟೇ, ಇದರಿಂದ ಅದು ಆಯ್ತು ಅಂತ ಸಾಬೀತು ಮಾಡಲ್ಲ. ಅಲ್ಲಿನ ಮನೆ ಬೇರೆ, ನಮ್ಮ ಮನೆ ಬೇರೆ. ಆದ್ರೂ ಒಂದು ವಿಷಯ ಸಿಗುತ್ತೆ. ತರಕಾರಿ ತಿನ್ನು ಅನ್ನೋಕೆ ತೂಕ ಮಧ್ಯೆ ಬರಬೇಕಾಗಿಲ್ಲ.

"ಊಟ ಆದ ತಕ್ಷಣ ಟೀ ಕುಡೀಬೇಡ, ಕಬ್ಬಿಣದ ಅಂಶ ಮೈಗೆ ಹತ್ತಲ್ಲ." ಇದು ಆರೋಗ್ಯದ ಮಾತು. "ಈ ಮೈ ಇಟ್ಕೊಂಡು ಜೀನ್ಸ್ ಬೇಕಾ?" ಇದು ಅಲ್ಲ. ವ್ಯತ್ಯಾಸ ಎಲ್ಲಾ ಅಮ್ಮಂದಿರಿಗೂ ಗೊತ್ತು. ಗೊತ್ತಿಲ್ಲದ ಹಾಗೆ ನಟಿಸ್ತಾರೆ.

8/10

ಎರಡನೇ ಉತ್ತರ ನಮ್ಮ ಕ್ಲಾಸಿನ ಹುಡುಗಿಯರೇ ಕೊಟ್ರು. "ಪಾಪ, ಅಮ್ಮನ್ನೇ ಯಾಕೆ ಹಿಡ್ಕೊಂಡಿದ್ದೀಯಾ? ಅಪ್ಪಂದಿರಿಲ್ವಾ? ರೀಲ್ಸ್ ಇಲ್ವಾ? ಹೆಣ್ಣು ನೋಡೋಕೆ ಬರೋರಿಲ್ವಾ?"

ಇದ್ದಾರೆ. 20 ಗ್ರಾಂ ಕೇಳಿದ್ದು ಅಮ್ಮ ಅಲ್ಲ. ಕ್ರೀಮ್ ಜಾಹೀರಾತು ಬರೆದಿದ್ದು ಅಮ್ಮ ಅಲ್ಲ. ನಮ್ಮಪ್ಪ ನನ್ನ ಮೈ ಬಗ್ಗೆ ಒಂದು ದಿನಾನೂ ಮಾತಾಡಿಲ್ಲ. ಆ ಒಳ್ಳೆತನ ಅವರಿಗೆ ಪುಕ್ಕಟೆ ಸಿಕ್ಕಿದೆ, ಯಾಕಂದ್ರೆ ಹೇಳಬೇಕಾದ್ದನ್ನೆಲ್ಲಾ ಅಮ್ಮನ ಬಾಯಲ್ಲೇ ಹೇಳಿಸ್ತಾರೆ. "ನಿನ್ನ ಮಗಳಿಗೆ ಸ್ವಲ್ಪ ಹೇಳು." ನಾವು ಫಸ್ಟ್ ಕ್ಲಾಸ್ ಬಂದಾಗ ನನ್ನ ಮಗಳು, ದಪ್ಪ ಆದಾಗ ನಿನ್ನ ಮಗಳು. ಅಪ್ಪಂದಿರ ಮೇಲೆ ಇನ್ನೊಂದು ಸರಣಿ ಬರೀತೀನಿ, ಇದಕ್ಕಿಂತ ಉದ್ದ ಇರುತ್ತೆ.

ಆದ್ರೆ ಅಮ್ಮನ್ನ ಯಾಕೆ ಹಿಡ್ಕೊಂಡಿದ್ದೀನಿ ಅಂದ್ರೆ, ಅಮ್ಮನ ಮಾತಿಗೆ ಬೆಲೆ ಇದೆ ಅದಕ್ಕೆ. ರೀಲ್ಸನ್ನ ನಾನು ಮೇಲೆ ತಳ್ಳಬಹುದು. ಜಾಹೀರಾತು ಬಂದ್ರೆ ಸ್ಕಿಪ್ ಮಾಡಬಹುದು. ಅಮ್ಮನ್ನ ಮ್ಯೂಟ್ ಮಾಡೋ ಬಟನ್ ಎಲ್ಲಿದೆ? ಹೊರಗಿನವರು ಇಡೀ ದಿನ ಬೇಡದ್ದು ಹೇಳಲಿ, ಸಂಜೆ ಮನೆಗೆ ಬಂದಾಗ "ಅವರಿಗೇನು ಗೊತ್ತು ಬಿಡು" ಅನ್ನೋ ಒಂದು ದನಿ ಬೇಕು. ಆ ದನಿನೇ ಊರಿನವರ ಪರವಾಗಿ ಮಾತಾಡಿದ್ರೆ ಹುಡುಗಿ ಎಲ್ಲಿಗೆ ಹೋಗ್ಬೇಕು?

"ಊರು ಹೇಳೋಕೆ ಮುಂಚೆ ನಾನೇ ಹೇಳಿದ್ರೆ ನೋವು ಕಮ್ಮಿ" ಅಂತ ಅಮ್ಮ ಒಂದು ಸಲ ಅಂದಿದ್ಳು. ಇಲ್ಲ ಅಮ್ಮ. ಊರು ಹೇಳೋದನ್ನ ಬಿಡಲಿಲ್ಲ. ನೋವು ಎರಡು ಸಲ ಆಯ್ತು, ಅಷ್ಟೇ.

ಸಣ್ಣ ಇರೋರೂ ಕೇಳಿ, ಇದು ದಪ್ಪ ಇರೋರ ಗೋಳು ಮಾತ್ರ ಅಲ್ಲ. ಎರಡು ಪೆಟಿಕೋಟ್ ಹಾಕ್ಕೊಂಡು ಬೆವರು ಸುರಿಸ್ತಿದ್ದ ಆ ಹುಡುಗಿಗೆ ಮನೆಯಲ್ಲಿ ಬೆಳಿಗ್ಗೆ ಸಂಜೆ "ಕಡ್ಡಿ, ಕಡ್ಡಿ" ಅಂತಾರೆ. ಅವಳಿಗೆ ತುಪ್ಪ ಸುರೀತಾರೆ, ನನ್ನ ತಟ್ಟೆಯಿಂದ ತುಪ್ಪ ತೆಗೀತಾರೆ. ಹೇಗಿದ್ರೆ ಸರಿ ಅಂತ ಯಾವ ಅಮ್ಮನಿಗೂ ಗೊತ್ತಿಲ್ಲ. ಈಗಿರೋ ಹಾಗೆ ಸರಿ ಇಲ್ಲ ಅನ್ನೋದು ಮಾತ್ರ ಎಲ್ಲರಿಗೂ ಗೊತ್ತು.

9/10

ಈಗ ನನ್ನ ಸರದಿ. ಅಮ್ಮನ ಮೇಲೆ ಎಂಟು ಪೋಸ್ಟ್ ಬರೆದು ನಾನು ಒಳ್ಳೆಯವಳಾಗಿ ಎದ್ದು ಹೋಗೋಕಾಗಲ್ಲ.

ಆಸ್ಪತ್ರೆಯಿಂದ ಬಂದ ರಾತ್ರಿ ತಂಗಿಯನ್ನ ಕೇಳಿದೆ, "ಅಮ್ಮ ಟೈಲರ್ ಅಂಗಡಿಯಲ್ಲಿ ಹಾಗಂದಿದ್ದಕ್ಕೆ ಬೇಜಾರಾಯ್ತಾ?"

ಅವಳು ಗೋಡೆ ಕಡೆ ತಿರುಗಿ ಮಲಗಿದ್ಳು. "ಅದಕ್ಕಲ್ಲ ಅಕ್ಕ. ನೀನು ಡೈರಿ ಮಿಲ್ಕ್ ಕೊಡುವಾಗ ಅಂದ್ಯಲ್ಲ, ಅದಕ್ಕೆ."

ನಾನೇನಂದೆ ಅಂತ ನನಗೆ ನೆನಪೇ ಇಲ್ಲ. ಅವಳೇ ಹೇಳಿದ್ಳು. "ಇದನ್ನೂ ತಿಂದ್ಬಿಟ್ಟು ಇನ್ನೊಂದು ಬಾಗಿಲು ಮಾಡಿಸೋಣ ಮನೆಗೆ, ದೊಡ್ಡದು" ಅಂದಿದ್ನಂತೆ. ತಮಾಷೆಗೆ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ನನಗೆ ಉರಿದಿದ್ದು ಯಾವ ಮಾತಿನಿಂದ ಅಂತ ಗೊತ್ತಿತ್ತು. ಅದೇ ಮಾತು ನನ್ನ ಬಾಯಿಂದ ಬಂದಾಗ ನನಗೇ ಕೇಳಿಸ್ಲಿಲ್ಲ. ಅಮ್ಮನಿಗೂ ಹೀಗೇ ಆಗಿರುತ್ತೆ ಅಲ್ವಾ? ಅಜ್ಜಿಗೂ?

ಹಾಗಾಗಿ ನಿಯಮ ಮೊದಲು ನನಗೆ, ಆಮೇಲೆ ನಿಮಗೆ, ಆಮೇಲೆ ಅಮ್ಮಂದಿರಿಗೆ:

ಒಂದು. ತುಂಬಾ ದಿನ ಆದ ಮೇಲೆ ಯಾರನ್ನಾದ್ರೂ ನೋಡಿದ್ರೆ ಮೊದಲ ಮಾತು ಮೈ ಬಗ್ಗೆ ಬೇಡ. ದಪ್ಪ ಆಗಿದ್ದೀಯ ಬೇಡ, ಸಣ್ಣ ಆಗಿದ್ದೀಯಾನೂ ಬೇಡ. ಯಾಕೆ ಸಣ್ಣ ಆಗಿದ್ದಾಳೆ ಅಂತ ನಿಮಗೆ ಗೊತ್ತಿಲ್ಲ.

ಎರಡು. ಊಟದ ತಟ್ಟೆ ಮುಂದೆ ಕೂತಿರೋರಿಗೆ ತೂಕದ ಸುದ್ದಿ ಹೇಳಬಾರದು. ಬೀದಿ ನಾಯಿಗೂ ತಿನ್ನುವಾಗ ಹೊಡೀಬಾರ್ದು ಅಂತಾರೆ.

ಮೂರು. ನೆಂಟರು ಮಗಳ ಬಣ್ಣದ ಮಾತೆತ್ತಿದ್ರೆ ಅಮ್ಮ ನಗಬಾರದು. "ಅವಳು ಓದ್ತಿದ್ದಾಳೆ, ಆ ವಿಷಯ ಕೇಳಿ" ಅಂದ್ರೆ ಸಾಕು. ಒಂದು ಸಲ ಅಂದು ನೋಡಿ. ಮಗಳು ಅದನ್ನ ಸಾಯೋವರೆಗೂ ನೆನಪಿಟ್ಕೋತಾಳೆ.

ನಾಲ್ಕು. ಅಮ್ಮನ್ನ ಮುಂದಿನ ಸಾಲಿಗೆ ಎಳೀರಿ. ಬರಲ್ಲ ಅಂತಾಳೆ, ಎಳೀರಿ. ನಾವು ಆರು ಜನ ಅವರ ಸೀರೆ ಉಟ್ಕೊಂಡು ಫೋಟೋ ತೆಗೆಸ್ಕೊಂಡ್ವಿ. ಆ ಸೀರೆಯಲ್ಲಿ ಅವರದ್ದೊಂದು ಫೋಟೋ ನಿಮ್ಮ ಮನೆಯಲ್ಲಿದ್ಯಾ?

10/10

ಕೊನೇದು.

ಹೋದ ಭಾನುವಾರ ನಾನೂ ಅಮ್ಮಾನೂ ಅವರೆಕಾಳು ಹಿತುಕ್ತಾ ಕೂತಿದ್ವಿ. ತಂಗಿ ಟ್ಯೂಷನ್‌ಗೆ ಹೋಗಿದ್ಳು. ಇದೇ ಸರಿ ಅಂತ ಇಲ್ಲಿ ಬರೆದಿದ್ದೆಲ್ಲಾ ಹೇಳಿದೆ. ಟೈಲರ್ ಅಂಗಡಿ, ಕ್ರೀಮ್, ಹಬ್ಬದ ದಿನದ ಹೊಗಳಿಕೆ, ನನ್ನ ಡೈರಿ ಮಿಲ್ಕ್ ಮಾತು. ಸಿನಿಮಾದಲ್ಲಾದ್ರೆ ಇಲ್ಲಿ ಅಮ್ಮ ಮಗಳು ತಬ್ಕೊಂಡು ಅಳಬೇಕು.

ಅಮ್ಮ ಅಳಲಿಲ್ಲ. ಸಿಟ್ಟು ಬಂತು. "ಅಂದ್ರೆ ನಾನೇ ತಂದ್ನಾ ಮಗೂಗೆ ಕಾಯಿಲೆ? ಹೊತ್ತು ಹೆತ್ತು ಸಾಕಿ ಇದಾ ನನಗೆ ಬಂದಿದ್ದು?" ಅಂತ ಕಾಳಿನ ತಟ್ಟೆ ತಳ್ಳಿ ಎದ್ದುಹೋದ್ಳು. ಎರಡು ದಿನ ಮಾತಿಲ್ಲ. ನನ್ನ ತಟ್ಟೆಗೆ ಬಡಿಸ್ತಿದ್ಳು, ಮುಖ ನೋಡ್ತಿರ್ಲಿಲ್ಲ. ಅವಳ ನೋವು ನನಗೆ ಗೊತ್ತಾಗುತ್ತೆ. ಆದ್ರೂ ಹೇಳಿದ್ದನ್ನ ವಾಪಸ್ ತಗೊಳಲ್ಲ.

ಬುಧವಾರ ಬೆಳಿಗ್ಗೆ ತಂಗಿ ಸ್ಕೂಲಿಗೆ ರೆಡಿಯಾಗಿ ಬಂದ್ಳು. ನಾಲ್ಕು ತಿಂಗಳಿಂದ ಮಾತ್ರೆ ತಗೋತಿದ್ದಾಳೆ, ಸರಿಯಾಗಿ ಊಟ ಮಾಡ್ತಿದ್ದಾಳೆ, ಹಿಮೋಗ್ಲೋಬಿನ್ 11.3ಕ್ಕೆ ಬಂದಿದೆ. ಮೈಯೂ ಮೊದಲಿನ ಹಾಗೆ ತುಂಬಿಕೊಂಡಿದೆ. ಯೂನಿಫಾರ್ಮ್ ಸೊಂಟದ ಹತ್ರ ಮತ್ತೆ ಬಿಗಿ. ಅಮ್ಮ ಅಡುಗೆಮನೆ ಬಾಗಿಲಲ್ಲಿ ಡಬ್ಬಿ ಹಿಡ್ಕೊಂಡು ನಿಂತಿದ್ಳು. ಬಿಗಿಯಾಗಿದ್ದು ನೋಡಿದ್ಳು. ಬಾಯಿ ತೆಗೆದ್ಳು. ನನ್ನ ಕಡೆ ಒಂದು ಸಲ ನೋಡಿದ್ಳು.

"ನೀರಿನ ಬಾಟಲಿ ತಗೊಂಡ್ಯಾ?" ಅಂದ್ಳು.

ಅಷ್ಟೇ. ಬೇರೆ ಏನೂ ಆಗಿಲ್ಲ. ನನಗೆ ಅಷ್ಟು ಸಾಕು. ಸಂಜೆ ನಾನೇ ಹೊಲಿಗೆ ಬಿಚ್ಚಿ ಸೊಂಟ ಒಂದಿಂಚು ಬಿಟ್ಟುಕೊಟ್ಟೆ. ಒಳಗೆ ಬಟ್ಟೆ ಇತ್ತು, ಟೈಲರ್ ಅಣ್ಣ ಮೊದಲೇ ಬಿಟ್ಟಿದ್ರು.

ಅಮ್ಮ ಈ ಆ್ಯಪ್‌ನಲ್ಲಿಲ್ಲ. ಆದ್ರೆ ಚಿಕ್ಕಮ್ಮ ಇದ್ದಾರೆ, ಎಲ್ಲಾ ಪೋಸ್ಟಿಗೂ ಮೊದಲ ಲೈಕ್ ಅವರದ್ದೇ. ಚಿಕ್ಕಮ್ಮ, ಹತ್ತೂ ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ಕಳಿಸ್ತೀರ ಅಂತ ಗೊತ್ತು. ಕಳಿಸಿ, ಪರವಾಗಿಲ್ಲ. ನಾಲ್ಕನೇದು ಅಪ್ಪನಿಗೂ ಕಳಿಸಿ. ಕಳಿಸೋಕೆ ಮುಂಚೆ ನಿಮ್ಮ ಮಗಳನ್ನ ಒಂದು ಸಲ ಕೇಳಿ. ಅವಳು ಆರನೇ ಕ್ಲಾಸು ಅಲ್ವಾ? ಹೋದ ತಿಂಗಳು ಬಂದಾಗ ಹೋಳಿಗೆ ಬೇಡ ಅಂದ್ಳು.

ಕಾಮೆಂಟಲ್ಲಿ ನಿಮ್ಮ ಮನೆ ವಾಕ್ಯ ಬರೀರಿ. ಹೆಸರು ಬೇಡ. ಅಮ್ಮನ್ನ ಬೈಬೇಡಿ. ವಾಕ್ಯ ಮಾತ್ರ ಬರೀರಿ, ಎಷ್ಟು ಮನೆಯಲ್ಲಿ ಒಂದೇ ವಾಕ್ಯ ಓಡಾಡ್ತಿದೆ ಅಂತ ನೋಡೋಣ.

#ಅಮ್ಮಅಂದ್ಳು #ತಾಯಿಮಗಳು #ಹೆಗ್ಗಣಮುದ್ದು #ಬಿಕಾಂಹುಡುಗಿ #ಹಾಸನ